ಮಜ್ಜಿಗೆ ಅನ್ನದ ಎರಡು ನಿಮಿಷ

ಐವತ್ತರ ದಶಕದ ಕೊನೆಯಲ್ಲಿ ಚನ್ನರಾಯಪಟ್ಟಣದ ಪೇಟೆ ಬೀದಿಯಲ್ಲಿ ಗಡಿಯಾರವಿದ್ದ ಮನೆಗಳು ಏಳೋ ಎಂಟೋ. ಅವು ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು. ಆದರೆ ಸಂಜೆಯ ವಿಷಯದಲ್ಲಿ ಮಾತ್ರ ಬೀದಿಗೆ ಯಾವ ಅನುಮಾನವೂ ಇರಲಿಲ್ಲ. ಪಾತ್ರೆ ಅಂಗಡಿ ಜಿನದಾಸಯ್ಯ ಬಾಗಿಲಿನ ಹಲಗೆಗಳನ್ನು ದಡದಡನೆ ಜೋಡಿಸಿ, ಪಂಚೆ ಎತ್ತಿ ಕಟ್ಟಿಕೊಂಡು ಮನೆಯ ಕಡೆ ಓಡಿದನೆಂದರೆ ಸೂರ್ಯ ಮುಳುಗಲು ಇನ್ನು ಕಾಲು ಗಂಟೆ ಇದೆ ಎಂದು ಅರ್ಥ. ಅವನು ಓಡುವುದನ್ನು ನೋಡಿಯೇ ಹೂವಿನ ಮಲ್ಲಿಗಮ್ಮ ಬುಟ್ಟಿಗೆ ಒದ್ದೆ ಬಟ್ಟೆ ಹೊದಿಸುತ್ತಿದ್ದಳು. ಎದುರು ಮನೆಯವರು ಲಾಂದ್ರದ ಗಾಜು ಒರೆಸಲು ಕೂರುತ್ತಿದ್ದರು. ಹಿರೀಸಾವೆಗೆ ಹೋಗುವವರು ಬಸ್ಸಿನ ಕಡೆ ಹೆಜ್ಜೆ ಹಾಕುತ್ತಿದ್ದರು.

ಇದಕ್ಕೆಲ್ಲ ಕಾರಣ ಜಿನದಾಸಯ್ಯನ ವ್ರತ. ಜೈನರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದದ್ದೇ. ಜಿನದಾಸಯ್ಯನಾದರೋ ಇಪ್ಪತ್ತನೆಯ ವಯಸ್ಸಿನಲ್ಲಿ ಶ್ರವಣಬೆಳಗೊಳಕ್ಕೆ ಹೋಗಿ, ಒಬ್ಬ ಮುನಿಗಳ ಎದುರು ಕೈಮುಗಿದು ನಿಂತು, ಸೂರ್ಯ ಮುಳುಗಿದ ಮೇಲೆ ಒಂದು ಅಗುಳನ್ನೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟು ಬಂದಿದ್ದ. ಅದಾಗಿ ಮೂವತ್ತೆರಡು ವರ್ಷ. ಒಂದು ದಿನವೂ ತಪ್ಪಿರಲಿಲ್ಲ. ತಪ್ಪಿಲ್ಲ ಎಂದು ನಾಲ್ಕು ಜನರಿಗೆ ಹೇಳುವುದನ್ನೂ ಒಂದು ದಿನ ತಪ್ಪಿಸಿರಲಿಲ್ಲ. ಚೊಂಬು ಕೊಳ್ಳಲು ಬಂದವರು ಚೊಂಬಿನ ಜೊತೆಗೆ ವ್ರತದ ಕಥೆಯನ್ನೂ ಹೊತ್ತುಕೊಂಡು ಹೋಗಬೇಕಾಗಿತ್ತು.

ಅವನು ಊಟಕ್ಕೆ ಕೂರುತ್ತಿದ್ದದ್ದು ಅಡುಗೆಮನೆಯ ಪಡುವಣ ಕಿಟಕಿಗೆ ಎದುರಾಗಿ. ಕಿಟಕಿಯಾಚೆ ಹಿತ್ತಿಲು, ಹಿತ್ತಿಲಿನಾಚೆ ಬಯಲು, ಬಯಲಿನ ತುದಿಯಲ್ಲಿ ಆಕಾಶ ನೆಲ ಕೂಡುವ ಗೆರೆ. ಸೂರ್ಯನ ತಳ ಆ ಗೆರೆ ಮುಟ್ಟುವ ಹೊತ್ತಿಗೆ ಹುಳಿ ಅನ್ನ ಮುಗಿದು ತಟ್ಟೆಗೆ ಮಜ್ಜಿಗೆ ಅನ್ನ ಬೀಳುತ್ತಿತ್ತು. ಸೂರ್ಯನ ನೆತ್ತಿ ಮರೆಯಾಗುವ ಹೊತ್ತಿಗೆ ಮಜ್ಜಿಗೆ ಅನ್ನದ ಕೊನೆಯ ತುತ್ತು ಗಂಟಲಿನಿಂದ ಕೆಳಗಿಳಿಯುತ್ತಿತ್ತು. ಬೆಳಿಗ್ಗೆಯೂ ಇದೇ ಲೆಕ್ಕ. ಸೂರ್ಯನ ಮೊದಲ ಅಂಚು ಕಂಡಿತೋ ಇಲ್ಲವೋ, ಕೈಗೆ ಕಾಫಿ ಲೋಟ ಬರಬೇಕು.

ಅವನ ತಾಯಿ ಮರುದೇವಿಯಮ್ಮನಿಗೆ ಈ ಓಟ ಯಾವತ್ತೂ ಹಿಡಿಸಿರಲಿಲ್ಲ. ಅವರದು ಹಳೆಯ ಕಾಲದ ನಿಯಮ. ಹೊತ್ತು ಮುಳುಗಲು ಎರಡು ಗಳಿಗೆ ಇರುವಾಗಲೇ ಅವರ ಊಟ ಮುಗಿದು, ಜಪಮಣಿ ಹಿಡಿದು ನಡುಮನೆಯ ಕಂಬಕ್ಕೆ ಒರಗಿರುತ್ತಿದ್ದರು.

"ಎರಡು ಗಳಿಗೆ ಮುಂಚೇನೇ ಎದ್ದುಬಿಡಬೇಕು ಕಣೋ ಜಿನ್ದಾಸ. ಹಿಂಗೆ ಸೂರ್ಯನ ಜೊತೆ ಪಂದ್ಯ ಕಟ್ಟಬಾರದು" ಎಂದು ಅವರು ಹೇಳುವುದು.

"ಸಂಜೇಲೇ ಅಮ್ಮ ವ್ಯಾಪಾರ. ಸೂರ್ಯ ಕಾಣೋ ತನಕ ಹಗಲೇ. ನಾನು ಕಣ್ಣಾರೆ ನೋಡ್ಕೊಂಡು ತಾನೆ ಉಣ್ಣೋದು?" ಎಂದು ಇವನು ಹೇಳುವುದು. ಮೂವತ್ತೆರಡು ವರ್ಷ ಹೀಗೇ ನಡೆದಿತ್ತು.

ಆ ವರ್ಷ ಮಾಘ ಮಾಸದಲ್ಲಿ ಈ ವ್ರತಕ್ಕೆ ಒಂದು ದೊಡ್ಡ ಫಲ ಸಿಗುವ ಕಾಲ ಬಂದಿತ್ತು. ಮಗಳು ಸುಮತಿಗೆ ಹೊಳೆನರಸೀಪುರದ ಜವಳಿ ವ್ಯಾಪಾರಿ ಭುಜಬಲಯ್ಯನವರ ಮಗ ಧನ್ಯಕುಮಾರನ ಸಂಬಂಧ ಕೂಡಿಬಂದಿತ್ತು. ಹುಡುಗ ಅರಕಲಗೂಡಿನಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ಸುಮತಿಗೂ ಒಪ್ಪಿಗೆಯಿತ್ತು. ಅವನ ಮಾತು ಬಂದಾಗಲೆಲ್ಲ ಅವಳಿಗೆ ಹಿತ್ತಿಲಿನಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಭುಜಬಲಯ್ಯನವರು ಬರೆದ ಕಾಗದ ಜಿನದಾಸಯ್ಯನ ಜುಬ್ಬದ ಜೇಬಿನಲ್ಲಿ ಮಡಿಕೆ ಹರಿಯುವಷ್ಟು ಸಲ ಹೊರಗೆ ಬಂದು ಒಳಗೆ ಹೋಗಿತ್ತು. "ಒಡವೆ ವಸ್ತ್ರದ ಮಾತು ಬೇಡ. ಮೂವತ್ತೆರಡು ವರ್ಷ ಹೊತ್ತು ಮೀರಿ ಉಣ್ಣದವರ ಮನೆಯ ಹೆಣ್ಣು ಎಂದಮೇಲೆ ನಾವು ಬೇರೇನೂ ಕೇಳುವುದಿಲ್ಲ. ಮುಂದಿನ ಭಾನುವಾರದ ನಂತರದ ಭಾನುವಾರ ಬಂದು ಮಾತು ಮುಗಿಸುತ್ತೇವೆ" ಎಂದು ಅದರಲ್ಲಿ ಬರೆದಿತ್ತು.

ಕಾಗದ ಬಂದ ಮೂರನೆಯ ದಿನ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಗುಂಡಯ್ಯನವರು ಅಂಗಡಿಗೆ ಬಂದರು. ಸ್ಕೂಲಿಗೆ ಇನ್ಸ್‌ಪೆಕ್ಟರು ಬರುವವರಿದ್ದರು. ಅವರ ಮುಂದೆ ಒಂದು ಪ್ರಯೋಗ ಮಾಡಿ ತೋರಿಸಲು ಅಂಚು ಎತ್ತರವಿರುವ ಒಂದು ಹಿತ್ತಾಳೆ ಬೋಗುಣಿ ಬೇಕಾಗಿತ್ತು. ಜಿನದಾಸಯ್ಯ ಆರು ಬೋಗುಣಿ ಇಳಿಸಿದ. ಮೇಷ್ಟ್ರು ಒಂದನ್ನು ಆರಿಸಿ, ಪರೀಕ್ಷೆ ಮಾಡದೆ ಒಯ್ಯುವುದು ಸರಿಯಲ್ಲವೆಂದು ಅಲ್ಲೇ ಕೆಳಗಿಟ್ಟು ಅದರ ತಳದಲ್ಲಿ ಒಂದಾಣೆ ಹಾಕಿದರು.

"ಹಿಂದಕ್ಕೆ ಸರೀರಿ ಜಿನದಾಸಯ್ಯನೋರೆ. ಇನ್ನೂ ಸ್ವಲ್ಪ. ಈಗ ಆಣೆ ಕಾಣುತ್ತಾ?"

"ಇಲ್ಲ. ಅಂಚು ಅಡ್ಡ ಬಂತು."

"ಅಲ್ಲೇ ನಿಂತಿರಿ, ಅಲ್ಲಾಡಬೇಡಿ." ಮೇಷ್ಟ್ರು ನಿಧಾನವಾಗಿ ಬೋಗುಣಿಗೆ ನೀರು ಹುಯ್ದರು. ಜಿನದಾಸಯ್ಯ ನಿಂತ ಕಡೆ ನಿಂತಿದ್ದಂತೆಯೇ ಆಣೆ ಮೆಲ್ಲಗೆ ಎದ್ದು ಬಂದು ಅಂಚಿನ ಮೇಲಿಂದ ಇಣುಕಿತು.

"ಅರೆರೆ! ತೇಲ್ತಾ ಇದೆ!"

"ತೇಲ್ತಾ ಇಲ್ಲ. ಇದ್ದಲ್ಲೇ ಇದೆ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಗ್ಗುತ್ತೆ. ಬಗ್ಗಿ ಬಂದದ್ದನ್ನ ನಿಮ್ಮ ಕಣ್ಣು ನೆಟ್ಟಗೆ ಬಂತು ಅಂದ್ಕೊಳ್ಳುತ್ತೆ. ಅದಕ್ಕೆ, ಕೆಳಗಿರೋದು ಮೇಲೆ ಕಾಣುತ್ತೆ."

ಜಿನದಾಸಯ್ಯನಿಗೆ ಬಹಳ ಖುಷಿಯಾಯಿತು. ತನ್ನ ಅಂಗಡಿಯ ಬೋಗುಣಿಗೆ ಇಂಥ ಗುಣವಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಇಪ್ಪತ್ತು ವರ್ಷ ಪಾಠ ಹೇಳಿದ ಬಾಯಿ ಉದಾಹರಣೆ ಕೊಡದೆ ಮುಚ್ಚಿಕೊಳ್ಳುವುದಿಲ್ಲ.

"ಇದೇನು ಮಹಾ! ಸಂಜೆ ಸೂರ್ಯನ ಕಥೆಯೂ ಇದೇ. ಬಹಳ ಮೇಲೆ ಆಕಾಶದಲ್ಲಿ ಗಾಳಿಯೇ ಇಲ್ಲ. ಅಲ್ಲಿಂದ ಬೆಳಕು ನಮ್ಮ ಗಾಳಿಯೊಳಕ್ಕೆ ಬರುವಾಗ ಬಗ್ಗುತ್ತೆ. ಸೂರ್ಯನ ತಳ ನೆಲ ಮುಟ್ತು ಅಂತ ನಾವು ಅಂದ್ಕೊಳ್ಳುವಾಗ, ನಿಜವಾದ ಸೂರ್ಯ ಪೂರಾ ಮುಳುಗಿ ಆಗಿರುತ್ತೆ. ನಾವು ನೋಡೋದು ಬರೀ ಎತ್ತಿ ತೋರಿಸಿದ್ದನ್ನ."

"ಎಷ್ಟು ಹೊತ್ತು?"

"ಒಂದೆರಡು ನಿಮಿಷ. ಬೋಗುಣಿ ಕಟ್ಟಿಕೊಡಿ."

ಜಿನದಾಸಯ್ಯ ಕಟ್ಟಿಕೊಡಲಿಲ್ಲ. ಸೂರ್ಯನ ತಳ ಗೆರೆ ಮುಟ್ಟಿದ್ದರಿಂದ ನೆತ್ತಿ ಮರೆಯಾಗುವವರೆಗೆ ಎಂದರೆ ಸರಿಯಾಗಿ ಮಜ್ಜಿಗೆ ಅನ್ನದ ಹೊತ್ತು. ಹುಳಿ ಅನ್ನಕ್ಕೆ ದೋಷವಿಲ್ಲ, ಪಲ್ಯಕ್ಕೆ ದೋಷವಿಲ್ಲ. ಮೂವತ್ತೆರಡು ವರ್ಷದ ಮಜ್ಜಿಗೆ ಅನ್ನ ಮಾತ್ರ ಒಂದು ತುತ್ತೂ ಬಿಡದೆ ರಾತ್ರಿಯೂಟವಾಗಿತ್ತು. ಮುನಿಗಳ ಮುಂದೆ ಕೊಟ್ಟ ಮಾತು, ಊರಿಗೆಲ್ಲ ಹೇಳಿಕೊಂಡ ಹೆಮ್ಮೆ, ಜೇಬಿನಲ್ಲಿರುವ ಕಾಗದ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ಅವನು ಕೊಳಗದ ಮೇಲೆಯೇ ಕುಳಿತುಬಿಟ್ಟ. ಬೋಗುಣಿಯನ್ನು ಮೇಷ್ಟ್ರೇ ಕಟ್ಟಿಕೊಂಡು ಹೋದರು.

ಆ ಸಂಜೆ ಹುಳಿ ಅನ್ನ ಮುಗಿದ ಕೂಡಲೇ ಅವನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ. ಹೆಂಡತಿ ಪದ್ಮಾವತಮ್ಮ ಮಜ್ಜಿಗೆ ಪಾತ್ರೆ ಹಿಡಿದು ನಿಂತಳು.

"ಯಾಕೆ? ಹುಳಿಯಾಗಿದೆಯಾ?"

"ಇಲ್ಲ."

"ನೀರು ಜಾಸ್ತಿಯಾಗಿದೆಯಾ? ಇಪ್ಪತ್ತೇಳು ವರ್ಷ ಇದೇ ಕೈಲಿ ಕಡೆದದ್ದು ಕುಡಿದಿದ್ದೀರಿ. ಬೀಗರು ಬರ್ತಾರೆ ಅಂದ ತಕ್ಷಣ ನನ್ನ ಮಜ್ಜಿಗೆ ರುಚಿ ಕೆಟ್ಟುಹೋಯ್ತೇನು?"

"ಮಜ್ಜಿಗೆ ಮಾತೆತ್ತಬೇಡ ಪದ್ಮಾ. ನನ್ನನ್ನ ಹಾಳು ಮಾಡಿದ್ದೇ ಅದು" ಎಂದು ಅವನು ಎದ್ದ. ಪದ್ಮಾವತಮ್ಮ ಎರಡು ದಿನ ಮಾತು ಬಿಟ್ಟಳು.

ಮಾರನೆಯ ದಿನ ಜಿನದಾಸಯ್ಯ ಸ್ಕೂಲಿನ ಗೇಟಿನ ಹತ್ತಿರ ಹೋಗಿ ಮೇಷ್ಟ್ರನ್ನು ಹಿಡಿದುಕೊಂಡ.

"ಎರಡು ನಿಮಿಷ ಅಂದ್ರಲ್ಲ ಮೇಷ್ಟ್ರೇ, ಸರಿಯಾಗಿ ಎರಡೇನಾ?"

"ಎರಡೂ ಕಾಲು ಅನ್ನಿ. ಗಾಳಿ ತಣ್ಣಗಿದ್ದರೆ ಸ್ವಲ್ಪ ಹೆಚ್ಚು, ಕಾದಿದ್ದರೆ ಕಮ್ಮಿ."

"ಇವತ್ತು ಎಷ್ಟು ಅಂತ ಯಾರು ಅಳೀತಾರೆ?"

"ಯಾರೂ ಅಳೆಯಲ್ಲ."

ಇದನ್ನು ಕೇಳಿ ಜಿನದಾಸಯ್ಯ ಇನ್ನೂ ಕಂಗೆಟ್ಟ. ತಾನು ಕೊಟ್ಟ ಮಾತನ್ನು ಯಾರೂ ಅಳೆಯದ ಗಾಳಿಯ ಕೈಗೆ ಬಿಡುವುದುಂಟೆ? "ಗಾಜಿನಲ್ಲೂ ಬಗ್ಗುತ್ತಾ?" ಎಂದು ಕೇಳಿದ.

"ಗಾಜಿನಲ್ಲಿ ನೀರಿಗಿಂತ ಜಾಸ್ತಿ" ಎಂದು ಹೇಳಿ ಮೇಷ್ಟ್ರು ಸ್ಕೂಲಿನ ಗಂಟೆ ಕೇಳಿ ಒಳಗೆ ಓಡಿದರು.

ಮನೆಗೆ ಬಂದವನೇ ಜಿನದಾಸಯ್ಯ ಗೋಡೆ ಗಡಿಯಾರದ ಗಾಜನ್ನು ಕಿತ್ತಿಟ್ಟ. ಅದರೊಳಗಿನ ಮುಳ್ಳು ಇಷ್ಟು ವರ್ಷ ಎಲ್ಲಿ ಕಂಡಿತ್ತೋ, ನಿಜವಾಗಿ ಎಲ್ಲಿತ್ತೋ ಯಾರು ಬಲ್ಲರು? ಆಮೇಲೆ ಅವನಿಗೆ ತನ್ನ ಮೂಗಿನ ಮೇಲೆಯೇ ಎರಡು ಗಾಜು ಕೂತಿರುವುದು ನೆನಪಾಯಿತು. ಹತ್ತು ವರ್ಷದಿಂದ ಆ ಕನ್ನಡಕದಲ್ಲೇ ಅವನು ಸೂರ್ಯನನ್ನು ನೋಡಿದ್ದು. ಅದನ್ನೂ ತೆಗೆದು ಗೂಡಿನಲ್ಲಿಟ್ಟ. ಕನ್ನಡಕ ತೆಗೆದ ಮೇಲೆ ಗಡಿಯಾರದ ಮುಳ್ಳು ಗಾಜಿದ್ದರೂ ಕಾಣುತ್ತಿರಲಿಲ್ಲ, ಗಾಜಿಲ್ಲದಿದ್ದರೂ ಕಾಣುತ್ತಿರಲಿಲ್ಲ.

ಕಾಣದ ಮೇಲೆ ಎಚ್ಚರಿಕೆ ಒಂದೇ ದಾರಿ. ಮೊದಲ ದಿನ ಐದು ನಿಮಿಷ ಮುಂಚೆ ಉಂಡ. ಎರಡನೆಯ ದಿನ ಗಾಳಿ ತಣ್ಣಗಿದೆ ಅನ್ನಿಸಿ ಅರ್ಧ ಗಂಟೆ ಮುಂಚೆ. ಆ ವಾರ ಕಳೆಯುವ ಹೊತ್ತಿಗೆ ಊಟ ನಾಲ್ಕು ಗಂಟೆಗೆ ಬಂದು ನಿಂತಿತು. ಮಧ್ಯಾಹ್ನದ ಊಟ ಇನ್ನೂ ಎದೆಯಲ್ಲಿರುವಾಗಲೇ ರಾತ್ರಿಯ ಊಟ ಅದರ ಮೇಲೆ ಬಂದು ಕೂರುತ್ತಿತ್ತು.

ಅಂಗಡಿ ಮೂರೂವರೆಗೆ ಮುಚ್ಚತೊಡಗಿತು. ಮೊದಲ ದಿನ ಹಲಗೆಯ ಸದ್ದು ಕೇಳಿ ಮಲ್ಲಿಗಮ್ಮ ಅಭ್ಯಾಸದ ಮೇಲೆ ಬುಟ್ಟಿ ಕಟ್ಟಿಕೊಂಡು ಮನೆಗೆ ಹೊರಟು, ಅರ್ಧ ದಾರಿಯಲ್ಲಿ ತನ್ನ ನೆರಳು ಇಷ್ಟು ಗಿಡ್ಡ ಯಾಕಿದೆ ಎಂದು ಬೆಚ್ಚಿ ನಿಂತಳು. ಎದುರು ಮನೆಯವರು ಹಚ್ಚಿದ ಲಾಂದ್ರವನ್ನು ನಾಚಿಕೊಂಡು ಆರಿಸಿದರು. ಹಿರೀಸಾವೆಯ ನಾಲ್ಕು ಜನ ಬಸ್ ಸ್ಟ್ಯಾಂಡಿಗೆ ಹೋಗಿ ಎರಡೂವರೆ ಗಂಟೆ ಕೂತು, ಕಂಡಕ್ಟರ್ ಬಂದ ಮೇಲೆ ಬಸ್ಸು ಲೇಟೆಂದು ಅವನ ಜೊತೆ ಜಗಳವಾಡಿದರು.

ದಂಡಿಗನಹಳ್ಳಿಯ ಚನ್ನಪ್ಪ ತಪ್ಪಲೆ ಕೊಳ್ಳಲು ಬಂದದ್ದು ಇಂಥ ಒಂದು ಮೂರೂವರೆ ಗಂಟೆಗೆ. ಜಿನದಾಸಯ್ಯ ಕನ್ನಡಕವಿಲ್ಲದೆ ಕೈಯಿಂದ ತಡಕಾಡಿ ಅವನಿಗೆ ಒಂದು ಚರಿಗೆ ಎತ್ತಿಕೊಟ್ಟು, ಹಲಗೆ ಜೋಡಿಸತೊಡಗಿದ.

"ಇದೇನ್ ಸಾವ್ಕಾರ್ರೆ, ತಪ್ಪಲೆ ಕೇಳುದ್ರೆ ಚರಿಗೆ ಕೊಡ್ತೀರಿ? ಇಷ್ಟೊತ್ಗೇ ಅಂಗ್ಡಿ ಯಾಕ್ ಮುಚ್ತೀರಿ? ಒತ್ತು ನೆತ್ತಿ ಮ್ಯಾಗೈತೆ!"

"ಹೊತ್ತು ಮುಳುಗಿದೆ ಅಂತಲೇ ಇಟ್ಕೋಬೇಕು ಚನ್ನಪ್ಪ. ನನ್ನ ಕಣ್ಣನ್ನ ಇನ್ನು ನಾನು ನಂಬೋ ಹಾಗಿಲ್ಲ. ಮೂವತ್ತೆರಡು ವರ್ಷ ನಂಬಿ ಕೆಟ್ಟೆ" ಎಂದು ಹೇಳಿ ಜಿನದಾಸಯ್ಯ ಮನೆಯ ಕಡೆ ಹೊರಟು, ದಾರಿಯಲ್ಲಿ ಮಲಗಿದ್ದ ಎಮ್ಮೆಗೆ ಎಡವಿ ಅದಕ್ಕೆ ನಮಸ್ಕಾರ ಹೇಳಿ ಹೋದ.

ಚನ್ನಪ್ಪ ಬಾಯಿಗೆ ಕೈ ಹಿಡಿದುಕೊಂಡು ನೋಡುತ್ತ ನಿಂತ. ಮಾರನೆಯ ದಿನ ಅವನು ಹೊಳೆನರಸೀಪುರಕ್ಕೆ ಕೊಟ್ಟಿದ್ದ ಮಗಳನ್ನು ನೋಡಲು ಹೋದವನು, ಅವಳಿಗೊಂದು ಸೀರೆ ಕೊಳ್ಳಲು ಹೊಕ್ಕದ್ದು ಭುಜಬಲಯ್ಯನವರ ಅಂಗಡಿಗೇ. ಮಾತಿಗೆ ಮಾತು ಬಂತು.

"ನಮ್ ಪಾತ್ರೆ ಅಂಗ್ಡಿ ಸಾವ್ಕಾರ್ರು ದೇವ್ರಂಥೋರು ಸಾ. ಪಾಪ, ಎಲ್ಡೂ ಕಣ್ಣು ಓಗ್ಬುಟ್ಟವೆ. ಉರಿಬಿಸ್ಲಲ್ಲಿ ನಿಂತ್ಕಂಡು ಒತ್ತು ಮುಳುಗ್ತು ಅಂತಾರೆ ಕಣ್ರೀ. ನನ್ ಕಣ್ಮುಂದೆ ಎಮ್ಮೆಗೆ ಕೈಮುಗುದ್ರು."

ಭುಜಬಲಯ್ಯನವರ ಕೈಯಲ್ಲಿದ್ದ ಗಜಕಡ್ಡಿ ಸೀರೆಯ ಮೇಲೆ ಹಾಗೇ ನಿಂತಿತು. ಅವರು ಒಳ್ಳೆಯವರು. ಆದರೆ ಕಣ್ಣು ಹೋಗುವ ಕಾಯಿಲೆ ಮನೆತನದಲ್ಲಿ ಇಳಿದುಬರುತ್ತದೆಂದು ಅವರ ಹೆಂಡತಿ ಜಿನಮ್ಮನಿಗೆ ಯಾರೋ ಹೇಳಿದ್ದರು. ಹೋಗಿ ಕಣ್ಣಾರೆ ನೋಡಿಯೇ ಮಾತು ಕೊಡುವುದೆಂದು ಗಂಡಹೆಂಡಿರು ತೀರ್ಮಾನಿಸಿದರು.

ಭಾನುವಾರ ಎರಡು ಗಂಟೆಗೆ ಬರಬೇಕಾದ ಬಸ್ಸು ದಾರಿಯಲ್ಲಿ ಚಕ್ರ ಪಂಕ್ಚರಾಗಿ ನಾಲ್ಕೂವರೆಗೆ ಬಂತು. ಜಿನದಾಸಯ್ಯನ ಹೊಸ ಲೆಕ್ಕದಲ್ಲಿ ಆಗಲೇ ರಾತ್ರಿಯಾಗಿತ್ತು. ಬೀಗರಾಗುವವರನ್ನು ಉಪವಾಸ ಕೂರಿಸುವುದು ಹೇಗೆ? ಐದು ಗಂಟೆಯವರೆಗೆ ಹಗಲನ್ನು ಎಳೆಯಲು ಒಪ್ಪಿದ. ಭುಜಬಲಯ್ಯ, ಜಿನಮ್ಮ, ಧನ್ಯಕುಮಾರ ಮೂವರನ್ನೂ ಕೈಕಾಲು ತೊಳೆಸಿ, ಕುಶಲ ಕೇಳುವುದನ್ನೂ ಮರೆತು, ನೇರವಾಗಿ ಎಲೆಯ ಮುಂದೆ ಕೂರಿಸಿ ತಾನೂ ಒಂದು ಎಲೆಗೆ ಕೂತ. ಪಡುವಣ ಕಿಟಕಿಯಿಂದ ಬಿಸಿಲು ಭುಜಬಲಯ್ಯನವರ ಮುಖಕ್ಕೆ ಹೊಡೆಯುತ್ತಿತ್ತು. ಪದ್ಮಾವತಮ್ಮ ಕೋಸಂಬರಿ, ಪಲ್ಯ, ಚಿತ್ರಾನ್ನ ಎಲ್ಲ ಬಡಿಸಿದಳು. ಸುಮತಿ ತುಪ್ಪ ಹಾಕಿ ಹೋದಳು. ಒಬ್ಬಟ್ಟು ಎಲೆಗೆ ಬಂತು. ಭುಜಬಲಯ್ಯನವರು ಒಬ್ಬಟ್ಟಿನ ಒಂದು ಚೂರನ್ನು ಹಾಲಿನಲ್ಲಿ ಅದ್ದಿ ಬಾಯಿಯ ಹತ್ತಿರ ತಂದಿದ್ದರು.

ಗಡಿಯಾರ ಐದು ಹೊಡೆಯಿತು. ಜಿನದಾಸಯ್ಯ ದಿಗ್ಗನೆ ಎದ್ದು ನಿಂತ.

"ಆಯ್ತು. ಹೊತ್ತು ಮುಳುಗಿತು. ದಯವಿಟ್ಟು ಎಲ್ಲರೂ ಏಳಬೇಕು."

ಉಣ್ಣುವವರು ಎದ್ದರೆ ಉಂಟು, ಬಡಿಸಿದವರೇ ಎಬ್ಬಿಸುವುದನ್ನು ಹೊಳೆನರಸೀಪುರದವರು ಕಂಡಿರಲಿಲ್ಲ. ಭುಜಬಲಯ್ಯನವರು ಕಣ್ಣು ಕುಕ್ಕುವ ಬಿಸಿಲಿಗೆ ಎಡಗೈ ಅಡ್ಡ ಹಿಡಿದು ಹೆಂಡತಿಯ ಮುಖ ನೋಡಿದರು. ಜಿನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇನ್ನು ಪರೀಕ್ಷೆ ತಡಮಾಡುವುದರಲ್ಲಿ ಅರ್ಥವಿರಲಿಲ್ಲ. ಭುಜಬಲಯ್ಯನವರು ಎಡಗೈಯ ಮೂರು ಬೆರಳು ಎತ್ತಿ ಹಿಡಿದು, ಮೆಲ್ಲಗೆ ಕೇಳಿದರು.

"ಬೀಗರೆ, ಇದು ಎಷ್ಟು ಹೇಳಿ?"

ಹತ್ತು ದಿನದಿಂದ ಜಿನದಾಸಯ್ಯನ ತಲೆಯಲ್ಲಿದ್ದದ್ದು ಒಂದೇ ಲೆಕ್ಕ. ಬೀಗರಿಗೆ ಎಲ್ಲ ತಿಳಿದುಹೋಗಿದೆ ಎಂದುಕೊಂಡ. ತಲೆ ತಗ್ಗಿಸಿ, "ಎರಡೂ ಕಾಲು" ಎಂದ.

ಭುಜಬಲಯ್ಯನವರು ತಮ್ಮ ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು, ಅದರಲ್ಲಿ ಕಾಲು ಯಾವುದೆಂದು.

"ಪೂರಾ ಹೋಗಿದೆ" ಎಂದು ಜಿನಮ್ಮ ಪಿಸುಗುಟ್ಟಿದಳು.

"ಮೊದಲೇ ಒಂದು ಮಾತು ಹೇಳಬಹುದಿತ್ತಲ್ಲ ಜಿನದಾಸಯ್ಯನೋರೆ. ಮುಚ್ಚಿಡೋ ಅಂಥದ್ದಲ್ಲ ಇದು. ಯಾವಾಗಿನಿಂದ?"

"ಮೂವತ್ತೆರಡು ವರ್ಷದಿಂದ."

"ಮೂವತ್ತೆರಡು ವರ್ಷ! ಹಾಗಿದ್ದುಕೊಂಡೇ ವ್ಯಾಪಾರ ಮಾಡಿದಿರಾ?"

"ಇಡೀ ದಿನ ಅಲ್ಲ ಬೀಗರೆ. ಸಂಜೆ ಎರಡು ನಿಮಿಷ ಮಾತ್ರ."

"ದಿನಕ್ಕೆ ಎರಡು ನಿಮಿಷ ಮಾತ್ರ ಕಣ್ಣು ಕಾಣಲ್ವಾ?"

"ಕಣ್ಣು ಕಾಣ್ತಿತ್ತು. ಅದೇ ಆದ ಅನಾಹುತ. ಕಂಡದ್ದಕ್ಕೇ ಉಂಡೆ!"

ಪದ್ಮಾವತಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಒಬ್ಬಟ್ಟಿನ ತಟ್ಟೆಯನ್ನು ಕೆಳಗಿಟ್ಟು, "ಅವರ ಕಣ್ಣಿಗೇನೂ ಆಗಿಲ್ಲ. ಕನ್ನಡಕ ಗೂಡಿನಲ್ಲಿದೆ. ಹತ್ತು ದಿವಸದಿಂದ ನನ್ನ ಮಜ್ಜಿಗೆ ಮೇಲೆ ಯುದ್ಧ ಸಾರಿದ್ದಾರೆ, ಯಾಕೆ ಅಂತ ನೀವಾದರೂ ಕೇಳಿ" ಎಂದಳು.

ಆಗ ಜಿನದಾಸಯ್ಯ ಗೋಡೆಗೆ ಒರಗಿ ನಿಂತು ಎಲ್ಲವನ್ನೂ ಹೇಳಿದ. ಅವನಿಗೆ ನಿಜವಾಗಿಯೂ ದುಃಖವಾಗಿತ್ತು. ಮಾತಿನಲ್ಲಿ ಮಾತ್ರ ಹೇಳಿದರೆ ನಂಬಲಿಕ್ಕಿಲ್ಲವೆಂದು ಒಂದು ಬೋಗುಣಿ ತಂದು ಎಲೆಗಳ ಮುಂದೆ ಇಟ್ಟ. ತಳದಲ್ಲಿ ಒಂದಾಣೆ ಹಾಕಿದ. ಎಂಜಲು ಕೈಯಲ್ಲಿ ಕೂತಿದ್ದ ಬೀಗರಿಗೆ ಕೂತ ಕಡೆಯಿಂದ ಆಣೆ ಕಾಣಲಿಲ್ಲ. ನೀರು ಹುಯ್ದ. ಆಣೆ ಎದ್ದು ಬಂದು ಮೂವರ ಕಡೆಗೂ ಇಣುಕಿತು. ಜಿನಮ್ಮ "ಅಯ್ಯೋ ಇದರ!" ಎಂದು ಕೆನ್ನೆ ಬಡಿದುಕೊಂಡಳು.

"ಹೀಗೆ ಬೀಗರೆ. ಇಲ್ಲದ ಸೂರ್ಯನ್ನ ನೋಡಿಕೊಂಡು ನಾನು ಮೂವತ್ತೆರಡು ವರ್ಷ ಮಜ್ಜಿಗೆ ಅನ್ನ ಉಂಡಿದ್ದೇನೆ. ನೀವು ಕಾಗದದಲ್ಲಿ ಬರೆದ ಮನೆ ಇದಲ್ಲ. ಹೆಣ್ಣು ಒಳ್ಳೆಯವಳು. ಅಪ್ಪ ವ್ರತಭಂಗ ಮಾಡಿದವನು. ತಿಳಿಸದೆ ಧಾರೆ ಎರೆಯೋಕೆ ನನಗೆ ಮನಸ್ಸು ಒಪ್ಪಲಿಲ್ಲ. ನಿಮಗೆ ತೋಚಿದಂತೆ ಮಾಡಿ."

ಬಾಗಿಲ ಸಂದಿಯಲ್ಲಿ ಸುಮತಿಯ ಬಳೆಯ ಸದ್ದು ನಿಂತುಹೋಯಿತು. ಭುಜಬಲಯ್ಯನವರ ಮುಖ ಬಿಳಿಚಿಕೊಂಡಿತ್ತು. ಒಬ್ಬಟ್ಟಿನ ಚೂರು ಇನ್ನೂ ಬೆರಳಲ್ಲೇ ಇತ್ತು.

"ಬೀಗರೆ" ಎಂದರು ಕೊನೆಗೆ. "ಇದು ಚನ್ನರಾಯಪಟ್ಟಣದ ಸೂರ್ಯಂಗೆ ಮಾತ್ರಾನಾ, ನಮ್ಮ ಹೊಳೆನರಸೀಪುರದಲ್ಲೂ ಹೀಗೇನಾ?"

"ಗಾಳಿ ಎಲ್ಲ ಕಡೆ ಇದೆಯಲ್ಲ."

"ನಾನೂ ಅಂಗಡಿ ಮುಚ್ಚಿ ಓಡಿಬಂದು ಕೊನೇ ಬಿಸಿಲಿಗೇ ಉಣ್ಣೋನು. ನಮ್ಮನೇಲಿ ಮಜ್ಜಿಗೆಯೂ ಅಲ್ಲ. ಮೊಸರನ್ನ."

ಮಜ್ಜಿಗೆಗಿಂತ ಮೊಸರು ಗಟ್ಟಿ. ಜಿನದಾಸಯ್ಯ ಅಯ್ಯೋ ಪಾಪ ಎನ್ನುವಂತೆ ನೋಡಿದ. ಭುಜಬಲಯ್ಯನವರು ಮಗನ ಕಡೆ ತಿರುಗಿದರು.

"ಏನೋ ಧನ್ಯ, ನೀನು ಮೇಷ್ಟ್ರು ತಾನೆ? ಇದೆಲ್ಲ ನಿನಗೆ ಗೊತ್ತಿರಲಿಲ್ವೇನೋ?"

"ಗೊತ್ತಿತ್ತು ಅಪ್ಪ. ಏಳನೇ ಕ್ಲಾಸಿಗೆ ಎರಡು ವರ್ಷದಿಂದ ಹೇಳ್ಕೊಡ್ತಾ ಇದ್ದೀನಿ."

"ಮತ್ತೆ ಮನೇಲಿ ಯಾಕೋ ಹೇಳಲಿಲ್ಲ?"

"ಪರೀಕ್ಷೆಗೆ ಬರುತ್ತೆ ಅಂತ ಗೊತ್ತಿತ್ತು. ಊಟಕ್ಕೆ ಬರುತ್ತೆ ಅಂತ ಗೊತ್ತಿರಲಿಲ್ಲ."

ಇಬ್ಬರು ಅಪ್ಪಂದಿರೂ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಐವತ್ತು ದಾಟಿದ ಇಬ್ಬರು ವ್ಯಾಪಾರಸ್ಥರು ಒಂದು ಬೋಗುಣಿ ನೀರಿನ ಎರಡು ಕಡೆ, ಬದುಕೆಲ್ಲ ಮುಳುಗಿದವರಂತೆ ಇದ್ದರು.

ಆಗ ನಡುಮನೆಯಲ್ಲಿ ಜಪಮಣಿಯ ಸದ್ದು ನಿಂತಿತು. ಮರುದೇವಿಯಮ್ಮ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು.

"ಅದು ಎಷ್ಟು ಹೊತ್ತು ಎತ್ತಿ ತೋರಿಸುತ್ತೆ ಅಂದೆ?"

"ಎರಡೂ ಕಾಲು ನಿಮಿಷ ಅಮ್ಮ. ತಣ್ಣಗಿದ್ದರೆ ಇನ್ನೊಂಚೂರು."

"ಎರಡು ಗಳಿಗೆ ಅಂದ್ರೆ ನಿಮ್ಮ ನಿಮಿಷದಲ್ಲಿ ಎಷ್ಟು ಮಗು?" ಎಂದು ಧನ್ಯಕುಮಾರನನ್ನು ಕೇಳಿದರು.

"ನಲವತ್ತೆಂಟು ಅಜ್ಜಿ."

"ನಲವತ್ತೆಂಟರಲ್ಲಿ ಎರಡೂ ಕಾಲು ಕಳೆದರೆ ಏನಾದರೂ ಕೊರತೆ ಬೀಳುತ್ತಾ?"

"ಇಲ್ಲ ಅಜ್ಜಿ. ಬೇಕಾದಷ್ಟು ಉಳಿಯುತ್ತೆ."

"ನೀವಿಬ್ಬರೂ ಬಾವಿ ಕಟ್ಟೆಯ ಅಂಚಿನ ಮೇಲೇ ದಿನಾ ನಡೆದು, ಕಾಲು ಜಾರಿತು ಅಂತ ಈಗ ಅಳ್ತೀರಿ. ಅಂಚಿಂದ ಈಚೆಗೆ ನಡೀರಿ ಅಂತ ತಾನೆ ಹಿರಿಯರು ಹೇಳಿದ್ದು? ಅವರಿಗೆ ಈ ಬೋಗುಣಿ ಗೊತ್ತಿತ್ತೋ ಇಲ್ಲವೋ ನಾನು ಕಾಣೆ. ಮನುಷ್ಯನ ಕಣ್ಣು ಗೊತ್ತಿತ್ತು." ಅವರು ಮಗನ ಕಡೆ ನೋಡಿದರು. ಸಿಟ್ಟಿಗಿಂತ ಅಲ್ಲಿ ನೋವೇ ಹೆಚ್ಚಾಗಿತ್ತು. "ಮೂವತ್ತೆರಡು ವರ್ಷ ನಾನು ಹೇಳಿದ್ದು ನಿನ್ನ ಕಿವಿಗೆ ಬೀಳಲಿಲ್ಲ. ಒಂದು ಬೋಗುಣಿ ಹೇಳಿದ ದಿನವೇ ಬಿತ್ತು."

ಜಿನದಾಸಯ್ಯ ಬಾಗಿ ತಾಯಿಯ ಕಾಲು ಮುಟ್ಟಿದ. ಕನ್ನಡಕವಿಲ್ಲದ್ದರಿಂದ ಮೊದಲು ಸಿಕ್ಕಿದ್ದು ಬಾಗಿಲಿನ ಹೊಸ್ತಿಲು. ಎರಡನೆಯ ಸಲಕ್ಕೆ ಕಾಲು ಸಿಕ್ಕಿತು.

"ಆದದ್ದಕ್ಕೆ ಏನು ಮಾಡಲಮ್ಮ?"

"ನಾಳೆಯಿಂದ ಬೇಗ ಬಾ. ಬೆಳಗೊಳಕ್ಕೆ ಹೋಗಿ ಆದದ್ದನ್ನ ಮುನಿಗಳಿಗೆ ಹೇಳಿಬಾ. ಅಂಗಡೀಲಿ ವ್ರತದ ಕಥೆ ಹೇಳೋದನ್ನ ನಿಲ್ಲಿಸು. ಅದೇ ದೊಡ್ಡ ಪ್ರಾಯಶ್ಚಿತ್ತ."

ಭುಜಬಲಯ್ಯನವರು ನಕ್ಕುಬಿಟ್ಟರು. ನಕ್ಕ ಮೇಲೆ ಅವರ ಮುಖಕ್ಕೆ ಬಣ್ಣ ಬಂತು. "ಅಮ್ಮಾ, ನಾವು ಕಣ್ಣು ಪರೀಕ್ಷೆ ಮಾಡೋಣ ಅಂತ ಬಂದೋರು. ಬೇರೆಯವರಾಗಿದ್ದರೆ ಇದ್ದದ್ದನ್ನೇ ಮುಚ್ಚಿಡ್ತಿದ್ದರು. ಇವರು ಯಾರೂ ಕೇಳದ ಮಜ್ಜಿಗೆ ಅನ್ನವನ್ನ ಮನೆ ಬಾಗಿಲಿಗೆ ಬಂದ ಸಂಬಂಧದ ಮುಂದೆ ಒಪ್ಕೊಂಡರು. ಇಂಥ ಮನೆ ಹೆಣ್ಣನ್ನ ಬಿಟ್ಟು ನಾವು ಇನ್ನೆಲ್ಲಿ ಹುಡುಕೋಣ? ಏನೇ ಜಿನಮ್ಮ?"

"ನಾನು ಆಗಲೇ ಒಪ್ಪಿದ್ದೆ. ಒಬ್ಬಟ್ಟು ತಿಂದ ಮೇಲೆ ಹೇಳೋಣ ಅಂತಿದ್ದೆ. ತಿನ್ನೋಕೆ ಬಿಟ್ಟರೆ ತಾನೆ?" ಎಂದಳು ಜಿನಮ್ಮ.

ಬಾಗಿಲ ಸಂದಿಯಲ್ಲಿ ಬಳೆಗಳು ಮತ್ತೆ ಸದ್ದು ಮಾಡಿದವು.

"ಹೊತ್ತು ಎಷ್ಟಿದೆ ಮಗು?" ಎಂದು ಮರುದೇವಿಯಮ್ಮ ಕೇಳಿದರು. ಧನ್ಯಕುಮಾರ ಕೈಗಡಿಯಾರ ನೋಡಿ ಲೆಕ್ಕ ಹಾಕಿದ. ಸೂರ್ಯ ಮುಳುಗುವುದು ಆರೂ ಇಪ್ಪತ್ತೈದಕ್ಕೆ. ಎರಡು ಗಳಿಗೆ ಕಳೆದರೆ ಐದೂ ಮೂವತ್ತೇಳು. ಈಗ ಐದೂ ಹನ್ನೆರಡು. ಇನ್ನೂ ಇಪ್ಪತ್ತೈದು ನಿಮಿಷ ನಿಷ್ಕಳಂಕವಾದ ಹಗಲು ಬಾಕಿ ಇತ್ತು.

"ಹಾಗಾದರೆ ಕೂತವರು ಉಣ್ಣಿ. ಎದ್ದವನಿಗೆ ಬೇರೆ ಎಲೆ ಹಾಕು ಪದ್ಮಾ" ಎಂದು ಅವರು ಕಂಬದ ಕಡೆ ಹೋದರು.

ಪದ್ಮಾವತಮ್ಮ ಗಂಡನಿಗೆ ಹೊಸ ಎಲೆ ಹಾಕಿ, ಗೂಡಿನಿಂದ ಕನ್ನಡಕ ತಂದು ಕೈಗಿಟ್ಟಳು. ಅದನ್ನು ಮೂಗಿಗೇರಿಸಿ ಅವನು ಹೆಂಡತಿಯ ಮುಖವನ್ನು ಹತ್ತು ದಿನದ ಮೇಲೆ ಸರಿಯಾಗಿ ನೋಡಿದ. ಅವಳು ಚಿತ್ರಾನ್ನದ ಸೌಟು ತಂದಾಗ ಕೈ ಅಡ್ಡ ಹಿಡಿದ.

"ಮೊದಲು ಮಜ್ಜಿಗೆ ಅನ್ನ ಹಾಕು. ಅದು ಹಗಲಲ್ಲೇ ಒಳಗೆ ಹೋಗಲಿ. ಉಳಿದದ್ದು ಆಮೇಲೆ."

"ನನಗೂ" ಎಂದರು ಭುಜಬಲಯ್ಯನವರು. ಪದ್ಮಾವತಮ್ಮನ ಹತ್ತು ದಿನದ ಸಿಟ್ಟು ಆ ಒಂದು ಮಾತಿಗೆ ಇಳಿಯಿತು. ಅವರಿಗೆ ಎರಡು ಸೌಟು ಹೆಚ್ಚಾಗಿಯೇ ಹುಯ್ದಳು.

ಎಲ್ಲವೂ ಸುಖವಾಗಿ ಮುಗಿಯುತ್ತಿತ್ತು. ಆದರೆ ಧನ್ಯಕುಮಾರ ಎಷ್ಟಾದರೂ ಮೇಷ್ಟ್ರು. ಪಾಠ ಅರ್ಧಕ್ಕೆ ನಿಂತಿದ್ದು ಅವನಿಗೆ ಸಹಿಸಲಾಗಲಿಲ್ಲ. ಒಬ್ಬಟ್ಟು ಮುರಿಯುತ್ತ ಮಾವನಾಗುವವರ ಕಡೆ ತಿರುಗಿ, "ಅಂದಹಾಗೆ, ಬೆಳಿಗ್ಗೆ ಸೂರ್ಯ ಹುಟ್ಟುವಾಗಲೂ ಹೀಗೇ ನೋಡಿ. ಅದು ಇನ್ನೂ ಕೆಳಗಿರುವಾಗಲೇ ನಮಗೆ..." ಎಂದು ಶುರುಮಾಡಿದ.

ಅಷ್ಟರಲ್ಲಿ ಅವನ ಎಲೆಯ ಮೇಲೆ ಒಂದು ಬಳೆಗೈ ಬಂತು. ಒಬ್ಬಟ್ಟಿನ ತಟ್ಟೆ ಹಿಡಿದು ಸುಮತಿ ನಿಂತಿದ್ದಳು. ಅಪ್ಪನ ಬೆಳಗಿನ ಕಾಫಿ ಅವಳಿಗೆ ಗೊತ್ತಿತ್ತು.

"ಇನ್ನೊಂದು ಒಬ್ಬಟ್ಟು ಹಾಕಲಾ?" ಎಂದು ಅವನನ್ನು ನೇರವಾಗಿ ನೋಡಿ ಕೇಳಿದಳು. ಅವಳು ಅವನ ಜೊತೆ ಆಡಿದ ಮೊದಲ ಮಾತು ಅದು. ಧನ್ಯಕುಮಾರ ತಲೆಯೆತ್ತಿ ನೋಡಿದ. ನೋಡಿದವನಿಗೆ ಬೆಳಗು, ಸೂರ್ಯ, ಏಳನೇ ಕ್ಲಾಸು ಎಲ್ಲ ಮರೆತುಹೋಯಿತು. "ಹಾಕಿ" ಎಂದ.

ಮದುವೆ ವೈಶಾಖದಲ್ಲಾಯಿತು. ಮುನ್ನೂರು ಜನರ ಪಂಕ್ತಿಗೆ ಮೊದಲು ಮಜ್ಜಿಗೆ ಅನ್ನ, ಕೊನೆಗೆ ಪಾಯಸ ಬಡಿಸಿದ ಮದುವೆ ಎಂದು ಈಗಲೂ ಆ ಕಡೆ ಹೇಳುತ್ತಾರೆ. ಪೇಟೆ ಬೀದಿಯವರು ನಲವತ್ತೆಂಟು ನಿಮಿಷ ಕೂಡಿಸಿಕೊಂಡು ಲಾಂದ್ರ ಹಚ್ಚುವುದನ್ನು ಕಲಿತರು. ಜಿನದಾಸಯ್ಯ ಸಂಜೆ ನಿಧಾನವಾಗಿ ನಡೆದುಕೊಂಡೇ ಮನೆಗೆ ಬಂದು ತಾಯಿಯ ಪಕ್ಕದಲ್ಲಿ ಕೂತು ಉಣ್ಣತೊಡಗಿದ. ಬೆಳಗಿನ ಕಾಫಿ ಮಾತ್ರ ಸೂರ್ಯನ ಮೊದಲ ಅಂಚಿಗೇ ಆಗುತ್ತಿತ್ತು. ಆ ವಿಷಯ ಕೊನೆಯವರೆಗೂ ಅವನಿಗೆ ಯಾರೂ ಹೇಳಲಿಲ್ಲ. ಅವನ ಮೊಮ್ಮಕ್ಕಳು ಎಲ್ಲಾದರೂ ಸಿಕ್ಕರೆ ನೀವೂ ಹೇಳಬೇಡಿ.